ಅಪ್ಪನ ಬೆಣೆ, ನಮೀಬಿಯಾದ ಬಂಡೆ

ಆರೆಂಜ್ ನದಿಯ ಸೇತುವೆ ದಾಟಿದರೆ ದಕ್ಷಿಣ ಆಫ್ರಿಕಾ ಮುಗಿದು ನಮೀಬಿಯಾ ಶುರುವಾಗುತ್ತದೆ. ಆಚೆ ದಡದ ಗಡಿ ಠಾಣೆಯಲ್ಲಿ ಒಂದು ಅರ್ಜಿ ಕೊಟ್ಟರು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಎಷ್ಟು ದಿನ ಇರುತ್ತೀರಿ ಅಂತೆಲ್ಲ ಸರಸರ ಬರೆದವನು ‘ಉದ್ಯೋಗ’ ಎಂಬ ಗೆರೆಯ ಮುಂದೆ ನಿಂತುಬಿಟ್ಟೆ. ಹಿಂದೆ ಸಾಲು ಬೆಳೆಯುತ್ತಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಅಂತ ಬರೆದು ಕೊಟ್ಟೆ. ಸುಳ್ಳೇನೂ ಅಲ್ಲ, ಆದರೆ ಆ ಸತ್ಯಕ್ಕೆ ಇನ್ನು ಹದಿನೆಂಟು ದಿನ ಮಾತ್ರ ಆಯಸ್ಸಿತ್ತು.

ಕೇಪ್‌ಟೌನ್‌ನಲ್ಲಿ ಹನ್ನೊಂದು ತಿಂಗಳು ಒಂದು ಪ್ರಾಜೆಕ್ಟ್‌ನಲ್ಲಿದ್ದೆ. ಪ್ರಾಜೆಕ್ಟ್ ಮುಗಿಯಿತು, ತಿಂಗಳ ಕೊನೆಗೆ ಗುತ್ತಿಗೆಯೂ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಅಂತ ಮೇಲ್ ಬಂತು. ಒಂದಿಷ್ಟು ರಜೆ ಉಳಿದಿತ್ತು. ರೂಮಿನಲ್ಲಿ ಕೂತು ದಿನಕ್ಕೆ ನಲವತ್ತು ಕಂಪನಿಗೆ ರೆಸ್ಯೂಮೆ ಕಳಿಸಿ ಕಳಿಸಿ ತಲೆ ಕೆಟ್ಟಿದ್ದಾಗ, ಜೊತೆಗಿದ್ದ ಗೆಳೆಯ ಹೇಳಿದ: ‘ವಾಪಸ್ ಹೋದ ಮೇಲೆ ಮತ್ತೆ ಈ ಕಡೆ ಯಾವಾಗ ಬರ್ತೀಯೋ. ಒಂದು ಟ್ರಕ್ ಹತ್ತು.’ ದುಡ್ಡು ಕಟ್ಟುವಾಗ ಲೆಕ್ಕ ಹಾಕಿದೆ. ಅಪ್ಪನ ಆರು ತಿಂಗಳ ದುಡಿಮೆ. ಆದ್ದರಿಂದ ಮನೆಗೆ ‘ಕಂಪನಿಯವರೇ ಟೂರ್ ಕರ್ಕೊಂಡು ಹೋಗ್ತಾವ್ರೆ’ ಎಂದೆ. ಕೆಲಸ ಮುಗಿದದ್ದನ್ನು ಹೇಳಲೇ ಇಲ್ಲ.

ಓವರ್‌ಲ್ಯಾಂಡ್ ಟ್ರಿಪ್ ಅಂದರೆ ಪ್ಯಾಕೇಜ್ ಟೂರ್ ಅಲ್ಲ. ಲಾರಿಯ ಚಾಸಿ ಮೇಲೆ ಸೀಟು ಕೂರಿಸಿ ಕಟ್ಟಿದ ಗಾಡಿ ಅದು. ಬಸ್ಸು ಅಂದರೆ ಚಾಲಕನಿಗೆ ಸಿಟ್ಟು ಬರುತ್ತದೆ, ‘ಟ್ರಕ್’ ಅನ್ನಬೇಕು. ಹೊಟ್ಟೆಯೊಳಗೆ ಟೆಂಟು, ಹಾಸಿಗೆ, ಗ್ಯಾಸ್ ಸಿಲಿಂಡರು, ನೀರಿನ ಟ್ಯಾಂಕು, ಪಾತ್ರೆಪಗಡೆ. ಹೋಟೆಲ್ಲಿಲ್ಲ, ಕ್ಯಾಂಪ್‌ಸೈಟ್‌ಗಳಲ್ಲಿ ವಾಸ. ನಾವು ಹದಿನೆಂಟು ಜನ. ಕೊರಿಯಾದ ಇಬ್ಬರು ಹುಡುಗಿಯರು, ಜರ್ಮನಿಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಆಸ್ಟ್ರೇಲಿಯಾದ ಒಂದು ಕುಟುಂಬ, ಇಂಗ್ಲೆಂಡಿನ ಹುಡುಗರ ಗುಂಪು. ಇಂಡಿಯಾದಿಂದ ನಾನೊಬ್ಬನೇ. ಚಾಲಕನೇ ಗೈಡು, ನಮೀಬಿಯಾದವನು. ಅಡುಗೆಯವರು ಜಿಂಬಾಬ್ವೆಯವರು.

ಮೊದಲ ದಿನವೇ ಒಂದು ಪಟ್ಟಿ ಅಂಟಿಸಿದರು. ಇವತ್ತು ತರಕಾರಿ ಹೆಚ್ಚುವವರು ಯಾರು, ಪಾತ್ರೆ ತೊಳೆಯುವವರು ಯಾರು, ಟ್ರಕ್ ಗುಡಿಸುವವರು ಯಾರು. ಹಣ ಕೊಟ್ಟು ಬಂದು ಪಾತ್ರೆ ತೊಳೆಯುವುದೇ ಅಂತ ನಗಬೇಡಿ. ಮೂರು ಟಬ್ಬು ಇಡುತ್ತಾರೆ: ಸೋಪಿನದು, ಕ್ರಿಮಿನಾಶಕದ್ದು, ಚೊಕ್ಕ ನೀರಿನದು. ಆಮೇಲೆ ಒರೆಸುವ ಬಟ್ಟೆಯಿಲ್ಲ, ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಗಾಳಿಯಲ್ಲಿ ಬೀಸಿ ಒಣಗಿಸಬೇಕು. ಹದಿನೆಂಟು ಜನ ಮರಳುಗಾಡಿನಲ್ಲಿ ನಿಂತು ಹಕ್ಕಿಯ ಹಾಗೆ ತಟ್ಟೆ ಬಡಿಯುವ ದೃಶ್ಯ ನೋಡಬೇಕು ನೀವು. ಇಂಗ್ಲಿಷ್ ಬರುವುದಿಲ್ಲ, ಮಾತಾಡಲು ಸಂಕೋಚ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಒಟ್ಟಿಗೆ ಈರುಳ್ಳಿ ಹೆಚ್ಚುವಾಗ ವ್ಯಾಕರಣ ಯಾರಿಗೂ ಬೇಕಾಗುವುದಿಲ್ಲ.

ಆದರೆ ಒಂದು ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ. ‘ನಿಮ್ಮೂರು ಯಾವುದು? ತಂದೆ ಏನು ಮಾಡುತ್ತಾರೆ?’

ನಮ್ಮೂರು ರಾಮನಗರದ ಹತ್ತಿರದ ಹಳ್ಳಿ. ಮೊದಲ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ‘ಶೋಲೆ’ ಅಂತ ಒಂದು ಸಿನಿಮಾ, 1975ರಲ್ಲಿ ಬಂದದ್ದು, ಅದನ್ನು ನಮ್ಮ ಬೆಟ್ಟಗಳಲ್ಲೇ ತೆಗೆದದ್ದು. ಮಾತು ಆ ಕಡೆ ಹರಿಯುತ್ತಿತ್ತು, ಎರಡನೇ ಪ್ರಶ್ನೆ ತಾನಾಗಿ ಬಿದ್ದುಹೋಗುತ್ತಿತ್ತು. ಈ ಉಪಾಯ ನನಗೆ ಪಿಯುಸಿಯಿಂದ ರೂಢಿ. ಕಾಲೇಜಿನ ಅರ್ಜಿಯಲ್ಲಿ ‘ತಂದೆಯ ಉದ್ಯೋಗ: ವ್ಯವಸಾಯ’ ಎಂದು ಬರೆಯುತ್ತಿದ್ದೆ. ನಮಗೆ ಇರುವುದು ಹದಿನೈದು ಗುಂಟೆ. ಅಪ್ಪ ಕಲ್ಲು ಒಡೆಯುತ್ತಾರೆ.

ಕಣಿವೆ ನೋಡಿದೆವು, ಸೋಸಸ್‌ವ್ಲೈ ಎಂಬಲ್ಲಿ ಕೆಂಪು ಮರಳಿನ ದಿಬ್ಬ ಹತ್ತಿ ಸೂರ್ಯೋದಯ ನೋಡಿದೆವು. ಆ ಫೋಟೊಗಳು ನಿಮಗೆಲ್ಲ ಕ್ಯಾಲೆಂಡರಿನಲ್ಲಿ ಸಿಗುತ್ತವೆ, ಅದನ್ನು ವಿವರಿಸಿ ಜಾಗ ತಿನ್ನುವುದಿಲ್ಲ. ಅಟ್ಲಾಂಟಿಕ್ ತೀರದ ಸ್ವಾಕೋಪ್‌ಮುಂಡ್ ಪಟ್ಟಣದಲ್ಲಿ ಎರಡು ದಿನ ಇದ್ದೆವು. ಅಲ್ಲಿ ಸಮುದ್ರದ ನೀರು ಎಷ್ಟು ತಣ್ಣಗೆ ಅಂದರೆ, ಅದರ ಮೇಲಿನಿಂದ ಬರುವ ಗಾಳಿ ಮಂಜಾಗಿ ಮರುಭೂಮಿಯೊಳಗೆ ನುಗ್ಗುತ್ತದೆ. ಮಳೆಯಿಲ್ಲದ ನಾಡಿನ ಗಿಡ, ಹುಳುಗಳಿಗೆ ಆ ಮಂಜೇ ನೀರು. ಅಲ್ಲಿಂದ ಒಳನಾಡಿಗೆ ಸುಮಾರು 150 ಕಿ.ಮೀ. ಹೋದರೆ ಸ್ಪಿಟ್ಸ್‌ಕೊಪ್ಪೆ. ಹೆಸರು ಕೇಳಿದಾಗ ನಮ್ಮ ಮದ್ದೂರು ಕಡೆಯ ಕೊಪ್ಪದ ಪಕ್ಕದ ಊರಿರಬೇಕು ಅನ್ನಿಸಿ ನಕ್ಕಿದ್ದೆ.

ಡಾಂಬರು ಬಿಟ್ಟು ಜಲ್ಲಿ ರಸ್ತೆಗೆ ಇಳಿದಾಗ ಸುತ್ತ ಏನೂ ಇಲ್ಲ. ನಮೀಬಿಯಾ ಕರ್ನಾಟಕದ ನಾಲ್ಕು ಪಟ್ಟು ದೊಡ್ಡದು, ಜನ ಮಾತ್ರ 30 ಲಕ್ಷದ ಆಸುಪಾಸು. ಅಂಥ ಬಟ್ಟಬಯಲಿನ ನಡುವೆ ದೂರದಲ್ಲಿ ಏನೋ ಗುಲಾಬಿ ಬಣ್ಣದ್ದು ಎದ್ದು ನಿಂತಿತ್ತು. ಜರ್ಮನ್ ಮೇಷ್ಟ್ರು ‘ಇನ್ಸೆಲ್‌ಬೆರ್ಗ್’ ಅಂದರು. ದ್ವೀಪದ ಹಾಗಿರುವ ಬೆಟ್ಟ ಅಂತ ಅವರ ಭಾಷೆಯಲ್ಲಿ. ಹತ್ತಿರವಾದ ಹಾಗೆ ಅದು ಚೂಪು ಶಿಖರವಾಯಿತು, ಪಕ್ಕದಲ್ಲಿ ಬೋಳು ತಲೆಗಳಂಥ ಗುಡ್ಡಗಳ ಸಾಲು ಕಾಣಿಸಿತು, ಬುಡದಲ್ಲಿ ಮನೆಯಷ್ಟು ದೊಡ್ಡ ಗುಂಡುಗಳು. ಟ್ರಕ್ಕಿನಲ್ಲಿ ಎಲ್ಲರೂ ಎದ್ದು ಕಿಟಕಿಗೆ ಬಂದರು. ನಾನು ಕೂತೇ ಇದ್ದೆ. ನನಗೆ ಅದು ರಾಮದೇವರ ಬೆಟ್ಟ. ಮನೆಯಿಂದ ಏಳು ಸಾವಿರ ಕಿಲೊಮೀಟರಿಗೂ ಆಚೆ ಬಂದು ಮನೆ ಹಿಂದಿನ ಬಂಡೆಯ ಎದುರಿಗೇ ನಿಂತ ಹಾಗಾಯಿತು.

ಎರಡೂ ಗ್ರಾನೈಟೇ. ಭೂಮಿಯೊಳಗೆ ಕರಗಿದ ಶಿಲೆ ಆಳದಲ್ಲೇ ನಿಧಾನ ತಣ್ಣಗಾಗಿ ಗಟ್ಟಿಯಾದದ್ದು; ಮೇಲಿನ ನೆಲ ಕೋಟ್ಯಂತರ ವರ್ಷ ಸವೆದು ಹೋಗಿ ಬಂಡೆ ಬಯಲಿಗೆ ಬಂದದ್ದು. ವಯಸ್ಸಿನಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಸ್ಪಿಟ್ಸ್‌ಕೊಪ್ಪೆಯದು ಸುಮಾರು ಹನ್ನೆರಡು ಹದಿಮೂರು ಕೋಟಿ ವರ್ಷ, ಆಫ್ರಿಕಾದಿಂದ ದಕ್ಷಿಣ ಅಮೆರಿಕ ಬೇರೆಯಾಗುತ್ತಿದ್ದ ಕಾಲದ್ದು. ನಮ್ಮದು ಸುಮಾರು 250 ಕೋಟಿ ವರ್ಷ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮ ಕಲ್ಲಿಗೆ ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು. ಹಂಪಿಯ ಬಂಡೆಗಳೂ ಅದೇ ಪಟ್ಟಿಗೆ ಸೇರಿದವು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಕಲ್ಲಿನ ನಡುವೆ ಬೆಳೆದವನಿಗೆ ಕಲ್ಲಿನ ವಯಸ್ಸು ಕೇಳಬೇಕು ಅಂತ ಯಾವತ್ತೂ ತೋಚಿರಲಿಲ್ಲ.

ಅಲ್ಲಿನ ಕ್ಯಾಂಪ್‌ಸೈಟ್ ಅಂದರೆ ಬಂಡೆಯ ಮಗ್ಗುಲಿನ ಒಂದು ಖಾಲಿ ಜಾಗ, ಕಲ್ಲು ಸುತ್ತುವರಿದ ಒಂದು ಒಲೆಗುಂಡಿ, ಸ್ವಲ್ಪ ದೂರಕ್ಕೆ ಒಂದು ಗುಂಡಿ ಕಕ್ಕಸು. ಅಷ್ಟೇ. ಕರೆಂಟಿಲ್ಲ, ನಲ್ಲಿಯಿಲ್ಲ. ಸ್ನಾನಕ್ಕೆ ಬೇಕೆಂದರೆ ಪ್ರವೇಶದ್ವಾರದ ಹತ್ತಿರ ಹೋಗಬೇಕು. ಸೌದೆ ಕೊಂಡು ತರಬೇಕು, ಅಲ್ಲಿನ ಒಂದು ಒಣ ಕಡ್ಡಿಯನ್ನೂ ಎತ್ತುವಂತಿಲ್ಲ. ಒಂದು ಜಾಗಕ್ಕೂ ಇನ್ನೊಂದಕ್ಕೂ ಎಷ್ಟು ದೂರ ಬಿಟ್ಟಿದ್ದಾರೆ ಅಂದರೆ, ಪಕ್ಕದ ಗುಂಪಿನವರ ಬೆಳಕು ಕೂಡ ನಮಗೆ ಕಾಣುತ್ತಿರಲಿಲ್ಲ.

ಟೆಂಟಿನ ಗೂಟ ಹೊಡೆಯಲು ಹೋದವರೆಲ್ಲ ಸೋತರು. ನೆಲವೆಂದರೆ ಮಣ್ಣಲ್ಲ, ಬಂಡೆ ಪುಡಿಯಾಗಿ ಬಿದ್ದ ಒರಟು ನುರುಜು. ಅದರಲ್ಲಿ ಗೂಟ ನಿಲ್ಲುವುದಿಲ್ಲ. ನಾನು ಹಗ್ಗವನ್ನು ಕಲ್ಲಿಗೆ ಸುತ್ತಿ, ಆ ಕಲ್ಲಿನ ಮೇಲೆ ಇನ್ನೊಂದು ಕಲ್ಲು ಹೇರಿದೆ. ಕೊರಿಯಾದ ಹುಡುಗಿಯರು ಬಂದು ತಮ್ಮ ಟೆಂಟಿಗೂ ಕಟ್ಟಿಸಿಕೊಂಡರು. ‘ಎಲ್ಲಿ ಕಲಿತೆ?’ ಅಂದಾಗ, ‘ಯೂಟ್ಯೂಬ್’ ಅಂದೆ.

ಅಡುಗೆಯವರು ಆ ಸಂಜೆ ಜೋಳದ ಹಿಟ್ಟಿನ ‘ಪಾಪ್’ ಮಾಡಿದರು. ಮುಸುಕಿನ ಜೋಳ, ನಮ್ಮ ಬಿಳಿ ಜೋಳವಲ್ಲ. ಕುದಿಯುವ ನೀರಿಗೆ ಹಿಟ್ಟು ಸುರಿದು ಕೋಲಿನಿಂದ ತಿರುವುವುದನ್ನು ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೋಗಿ ಕೋಲು ಈಸಿಕೊಂಡು ಗಂಟಿಲ್ಲದ ಹಾಗೆ ತಿರುವಿ ಕೊಟ್ಟೆ. ಆತ ನನ್ನ ಮುಖವನ್ನೇ ನೋಡಿದರು. ನಮ್ಮೂರಲ್ಲಿ ರಾಗಿಯಲ್ಲಿ ಮಾಡುತ್ತೇವೆ ಅಂದೆ, ಫೋನಿನಲ್ಲಿ ಫೋಟೊ ತೋರಿಸಿದೆ. ‘ರಪೋಕೊ!’ ಅಂತ ಕೂಗಿದರು. ಜಿಂಬಾಬ್ವೆಯಲ್ಲಿ ರಾಗಿಗೆ ಆ ಹೆಸರು. ಅದರ ಮುದ್ದೆಯನ್ನೂ ಅವರು ತಿನ್ನುತ್ತಾರೆ. ರಾಗಿ ಮೂಲದಲ್ಲಿ ಆಫ್ರಿಕಾದ್ದೇ, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು. ಆ ರಾತ್ರಿ ಆತ ನನಗೆ ಮಾಂಸದ ಸಾರಿನ ತಳದ ಗಟ್ಟಿಯನ್ನೇ ಬಡಿಸಿದರು.

ಊಟವಾದ ಮೇಲೆ ಗಾಳಿ ಎದ್ದಿತು. ಜೂನ್ ತಿಂಗಳು, ಅಲ್ಲಿ ಚಳಿಗಾಲ. ಹಗಲು ಟೀ ಶರ್ಟಿನಲ್ಲಿ ಬೆವರಿದವರು ರಾತ್ರಿ ಇರುವ ಬಟ್ಟೆಯೆಲ್ಲ ಹಾಕಿಕೊಂಡು ನಡುಗುತ್ತಿದ್ದೆವು. ಬೆಂಕಿಯ ಕಿಡಿ ಟೆಂಟಿನ ಕಡೆ ಹಾರತೊಡಗಿತು. ಇಂಗ್ಲೆಂಡಿನ ಹುಡುಗರಲ್ಲೊಬ್ಬ ಎದ್ದು, ‘ಬೆಂಕಿಯನ್ನು ಆ ಬಂಡೆಯ ಕೆಳಗೆ ಸಾಗಿಸೋಣ. ಗಾಳಿಯೂ ಇಲ್ಲ, ಕಲ್ಲು ಕಾದರೆ ಬೆನ್ನಿಗೂ ಬೆಚ್ಚಗೆ’ ಅಂದ. ನಮ್ಮ ಪಕ್ಕದಲ್ಲೇ ಛತ್ರಿಯ ಹಾಗೆ ಬಾಗಿದ ದೊಡ್ಡ ಬಂಡೆಯಿತ್ತು. ಒಳ್ಳೆಯ ಯೋಚನೆ ಅಂತ ಎಲ್ಲರೂ ತಲೆ ಹಾಕಿದರು. ಗೈಡು, ಒಲೆಗುಂಡಿ ಬಿಟ್ಟು ಬೇರೆಡೆ ಬೆಂಕಿ ಹಾಕುವಂತಿಲ್ಲ, ಕಲ್ಲಿಗೆ ಮಸಿ ಹಿಡಿಯುತ್ತದೆ ಅಂದ. ‘ಮಸಿ ತೊಳೆದರಾಯ್ತು, ಇದು ಕಲ್ಲು ತಾನೆ?’ ಎಂದು ಹುಡುಗ ಒಂದು ಉರಿಯುವ ಕೊಳ್ಳಿಯನ್ನು ಎತ್ತಿಕೊಂಡೇಬಿಟ್ಟ. ಗೈಡ್ ಹಿಂಜರಿದ. ದುಡ್ಡು ಕೊಟ್ಟು ಬಂದವರ ಹತ್ತಿರ ಎಷ್ಟು ಜೋರು ಮಾಡಬಹುದು ಅನ್ನುವ ಹಿಂಜರಿಕೆ ಅದು. ಅಪ್ಪ ಮೇಸ್ತ್ರಿಯ ಮುಂದೆ ನಿಂತಾಗ ಆ ಮುಖ ನೋಡಿದ್ದೇನೆ.

‘ಹಾಕಬೇಡ, ಕಲ್ಲು ಸಿಡಿಯುತ್ತೆ’ ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು.

ಅವನು ನಕ್ಕ. ಗ್ರಾನೈಟ್ ಸಿಡಿಯುವುದೇ?

ಆಗ ಹೇಳಬೇಕಾಯಿತು. ನಮ್ಮ ಕಡೆ ಯಂತ್ರಗಳು ಬರುವ ಮುಂಚೆ ಚಪ್ಪಡಿ ಎಬ್ಬಿಸುತ್ತಿದ್ದದ್ದೇ ಬೆಂಕಿಯಿಂದ. ಹಾಸುಬಂಡೆಯ ಮೇಲೆ ಸೌದೆ ಹರಡಿ ಹಚ್ಚುತ್ತಾರೆ. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಎರಡಕ್ಕೂ ಹೊಂದಾಣಿಕೆ ತಪ್ಪಿ ನಡುವೆ ಬಿರುಕು ಬಿಡುತ್ತದೆ. ಒಬ್ಬರು ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ‘ಟಣ್’ ಅಂದರೆ ಇನ್ನೂ ಅಂಟಿಕೊಂಡಿದೆ, ‘ದಬ್’ ಅಂದರೆ ಬಿಟ್ಟಿದೆ. ಬೆಂಕಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಎಳೆಯುತ್ತಾ ಹೋದರೆ ಹಪ್ಪಳದ ಹಾಗೆ ಇಡೀ ಪದರ ಏಳುತ್ತದೆ. ಲೆಕ್ಕ ತಪ್ಪಿದರೆ ಚಕ್ಕೆ ಸಿಡಿಯುತ್ತದೆ. ಅಪ್ಪನ ಎಡಗೈ ಮೇಲೆ ಅಂಥದ್ದೊಂದು ಗುರುತಿದೆ. ಇನ್ನು ಛತ್ರಿಯ ಹಾಗೆ ಬಾಗಿದ ಬಂಡೆಯ ಕೆಳಗೆ ಬೆಂಕಿ ಹಾಕಿ ಹದಿನೆಂಟು ಜನ ಕೂತರೆ, ಪದರ ಬಿಟ್ಟುಕೊಂಡು ಬೀಳುವುದು ತಲೆಯ ಮೇಲೆ.

ನಾನು ಎದ್ದುಹೋಗಿ ಟಾರ್ಚ್ ಹಿಡಿದು ತೋರಿಸಿದೆ. ಬಂಡೆಯ ಹೊಟ್ಟೆಯಲ್ಲಿ ಈರುಳ್ಳಿ ಸಿಪ್ಪೆಯಂಥ ಪದರಗಳು ಆಗಲೇ ಅರ್ಧ ಬಿಟ್ಟಿದ್ದವು. ಬೆರಳ ಗೆಣ್ಣಿನಿಂದ ತಟ್ಟಿದೆ. ದಬ್. ಎರಡಡಿ ಆಚೆ ತಟ್ಟಿದೆ. ಅಲ್ಲಿ ಸದ್ದೇ ಬೇರೆ. ಹುಡುಗ ಕೊಳ್ಳಿಯನ್ನು ವಾಪಸ್ ಒಲೆಗೆ ಹಾಕಿ ಬಂದು ತಾನೂ ತಟ್ಟಿ ನೋಡಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಬಂಡೆಗೆ ಕಿವಿಗೊಟ್ಟು ತಟ್ಟತೊಡಗಿದರು. ಆಸ್ಟ್ರೇಲಿಯಾದ ಪುಟ್ಟ ಹುಡುಗಿಗೆ ಅದು ಆಟವಾಯಿತು. ಮೇಷ್ಟ್ರು ಮಾತ್ರ ಕೇಳಿದರು: ‘ಇದನ್ನೆಲ್ಲ ಎಲ್ಲಿ ಓದಿದೆ?’

‘ಓದಲಿಲ್ಲ. ನನ್ನ ತಂದೆ ಕಲ್ಲು ಒಡೆಯುವವರು.’

ಯಾರೂ ಏನೂ ಅನ್ನಲಿಲ್ಲ. ಅನ್ನಲಿಲ್ಲ ಎಂದರೆ, ನಾನು ಹತ್ತು ವರ್ಷದಿಂದ ಹೆದರಿಕೊಂಡು ಕೂತಿದ್ದ ಮಾತನ್ನು ಯಾರೂ ಅನ್ನಲಿಲ್ಲ. ಬದಲಿಗೆ ಪ್ರಶ್ನೆಗಳು ಶುರುವಾದವು. ಗಟ್ಟಿ ಗುಂಡನ್ನು ಹೇಗೆ ಸೀಳುತ್ತಾರೆ? ಎಳೆ ನೋಡಿ ಗೆರೆ ಹಾಕುತ್ತಾರೆ, ಗೆರೆಯುದ್ದಕ್ಕೂ ಸಾಲಾಗಿ ತೂತು ಕೊರೆಯುತ್ತಾರೆ, ಪ್ರತಿ ತೂತಿಗೂ ಒಂದು ಬೆಣೆ. ಒಂದನ್ನೇ ಜೋರಾಗಿ ಬಡಿದರೆ ಕಲ್ಲು ಅಡ್ಡಾದಿಡ್ಡಿ ಹೋಗುತ್ತದೆ. ಎಲ್ಲ ಬೆಣೆಗೂ ಸಮನಾಗಿ ಒಂದೊಂದೇ ಏಟು, ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಯಿಂದ. ಸದ್ದು ಮೇಲೇರುತ್ತಾ ಹೋಗಿ ಕೊನೆಗೆ ಕಲ್ಲು ತಾನಾಗಿ ಬಾಯಿ ಬಿಡುತ್ತದೆ. ಸೈಜುಗಲ್ಲು, ಚಪ್ಪಡಿ, ದ್ರಾಕ್ಷಿ ತೋಟದ ಕಂಬ ಎಲ್ಲ ಹೀಗೇ ಬಂದದ್ದು. ಕ್ರಷರ್ ಬಂದ ಮೇಲೆ ಕೈಕೆಲಸ ಕಡಿಮೆಯಾಯಿತು, ಅಪ್ಪನಿಗೆ ಉಳಿದದ್ದು ಧೂಳಿನ ಕೆಮ್ಮು. ಇದನ್ನು ಹೇಳುವಾಗ ನನಗೆ ಇಂಗ್ಲಿಷ್ ಶಬ್ದಗಳು ಸಾಲಲಿಲ್ಲ, ಕೈಯಲ್ಲೇ ತೋರಿಸಿದೆ. ಆಫೀಸಿನ ಯಾವ ಪ್ರೆಸೆಂಟೇಷನ್ನಿನಲ್ಲೂ ಜನ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿದ್ದಿಲ್ಲ.

ಆ ರಾತ್ರಿ ಟೆಂಟಿನಲ್ಲಿ ಮಲಗಲಿಲ್ಲ. ನಾಲ್ಕೈದು ಜನ ಮಲಗುಚೀಲ ಹೊತ್ತು ಬಂಡೆಯ ಮೇಲೆ ಹೋಗಿ ಬಿದ್ದುಕೊಂಡೆವು. ಹಗಲಿನ ಬಿಸಿ ಕಲ್ಲಿನಲ್ಲಿ ಇನ್ನೂ ಉಳಿದಿತ್ತು, ಬೆನ್ನಿಗೆ ಹಿತವಾಗಿತ್ತು. ಚಂದ್ರನಿರಲಿಲ್ಲ. ಆಕಾಶಗಂಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಣ್ಣ ಚೆಲ್ಲಿದ ಹಾಗಿತ್ತು. ದಕ್ಷಿಣದಲ್ಲಿ ಎತ್ತರಕ್ಕೆ ತ್ರಿಶಂಕು ನಕ್ಷತ್ರಪುಂಜ. ಮೇ ತಿಂಗಳ ಸಂಜೆ ನಮ್ಮೂರಿನಲ್ಲೂ ದಕ್ಷಿಣದ ಅಂಚಿನಲ್ಲಿ ಕೆಳಗೆ ಕಾಣುತ್ತದೆ ಅದು, ಮರಗಿಡ ಅಡ್ಡ ಬರದಿದ್ದರೆ. ಇತ್ತ ಸ್ವರ್ಗವೂ ಇಲ್ಲ ಅತ್ತ ಭೂಮಿಯೂ ಇಲ್ಲ ಎಂದು ತೂಗಾಡುವ ತ್ರಿಶಂಕು. ತಿಂಗಳ ಕೊನೆಗೆ ಕೆಲಸ ಕಳೆದುಕೊಳ್ಳುವವನಿಗೆ ತಕ್ಕ ನಕ್ಷತ್ರವೇ. ಬೆಳಗಿನ ಜಾವ ಚಳಿಗೆ ಎಚ್ಚರವಾದಾಗ ಮಲಗುಚೀಲದ ಮೇಲೆ ಸಣ್ಣ ಇಬ್ಬನಿ ಇತ್ತು. (ನೀವು ಹೋಗುವುದಾದರೆ ಮೂರು ಮಾತು: ಮಲಗುಚೀಲ ಒಳ್ಳೆಯದು ತನ್ನಿ, ತಲೆಗೆ ಕಟ್ಟುವ ಟಾರ್ಚ್ ತನ್ನಿ, ಬೆಳಿಗ್ಗೆ ಶೂ ಹಾಕುವ ಮುಂಚೆ ಬೋರಲು ಹಾಕಿ ಕೊಡವಿ. ಚೇಳುಗಳಿಗೂ ಬೆಚ್ಚನೆಯ ಜಾಗ ಬೇಕು.)

ಬೆಳಿಗ್ಗೆ ನಮ್ಮನ್ನು ಬಂಡೆಚಿತ್ರಗಳ ಹತ್ತಿರ ಕರೆದೊಯ್ಯಲು ಪಕ್ಕದ ಹಳ್ಳಿಯ ಹುಡುಗನೊಬ್ಬ ಬಂದ. ದಾಮರಾ ಸಮುದಾಯದವನು, ನನ್ನದೇ ವಯಸ್ಸು. ಅವರ ಭಾಷೆಯಲ್ಲಿ ನಾಲಿಗೆ ಚಿಟಕಿಸುವ ನಾಲ್ಕು ಬಗೆಯ ಸದ್ದುಗಳೂ ವ್ಯಂಜನಗಳೇ. ಒಂದು ನಾವು ‘ಅಯ್ಯೋ ಪಾಪ’ ಅನ್ನುವಾಗ ಲೊಚಗುಟ್ಟುವ ಸದ್ದು. ಇನ್ನೊಂದು ಎತ್ತು ಹೊಡೆಯುವಾಗ ಕೆನ್ನೆಯ ಪಕ್ಕದಿಂದ ಮಾಡುವ ಸದ್ದು. ಅವೆರಡು ನನಗೆ ಮೊದಲ ಸಲಕ್ಕೇ ಬಂದವು. ಉಳಿದೆರಡು ಇವತ್ತಿಗೂ ಬಂದಿಲ್ಲ. ಇಂಡಿಯಾ ಎಂದ ಕೂಡಲೇ ಅವನು ಕೇಳಿದ್ದು, ‘ನಮ್ಮ ಚೀತಾಗಳು ಹೇಗಿವೆ?’ 2022ರ ಸೆಪ್ಟೆಂಬರಿನಲ್ಲಿ ಕುನೊಗೆ ಬಂದ ಎಂಟು ಚೀತಾಗಳು ನಮೀಬಿಯಾದವು. ನಮ್ಮೂರಿನಿಂದ ಕುನೊ ಬಹಳ ದೂರ ಅಂತ ಜಾರಿಕೊಂಡೆ.

ಬಂಡೆಯ ಮರೆಯಲ್ಲಿ ಸಾನ್ ಜನ ಸಾವಿರಾರು ವರ್ಷಗಳ ಹಿಂದೆ ಬರೆದ ಚಿತ್ರಗಳು. ಕೆಮ್ಮಣ್ಣಿನ ಬಣ್ಣದ ಘೇಂಡಾಮೃಗ, ಬಿಲ್ಲು ಹಿಡಿದ ಮನುಷ್ಯರು. ಕೆಲವು ಕಡೆ ಬರೀ ಕಲೆ ಉಳಿದಿದೆ. ಬಣ್ಣ ಎದ್ದು ಕಾಣಲಿ, ಫೋಟೊ ಚೆನ್ನಾಗಿ ಬರಲಿ ಅಂತ ಹಿಂದೆ ಬಂದವರು ನೀರು ಎರಚಿದ್ದು, ಗೀಚಿದ್ದು. ಅದಕ್ಕೇ ಈಗ ಗೈಡ್ ಇಲ್ಲದೆ ಬಿಡುವುದಿಲ್ಲ. ಬಂಡೆಯ ಸಂದಿಯಿಂದ ಮೊಲದಷ್ಟು ದೊಡ್ಡ, ಬಾಲವಿಲ್ಲದ ಪ್ರಾಣಿಗಳು ಇಣುಕುತ್ತಿದ್ದವು. ‘ಡಾಸಿ’ ಅಂತ ಹೆಸರು. ಇಲಿಯ ಜಾತಿ ಅಂದುಕೊಂಡರೆ ಅಲ್ಲ, ಬದುಕಿರುವ ಪ್ರಾಣಿಗಳಲ್ಲಿ ಅದರ ಹತ್ತಿರದ ಸಂಬಂಧಿಗಳೆಂದರೆ ಆನೆ, ಕಡಲ ಹಸು.

ಹುಡುಗ ವಿಂಡ್‌ಹುಕ್‌ನಲ್ಲಿ ಓದು ಮುಗಿಸಿ ಎರಡು ವರ್ಷ ಕೆಲಸ ಹುಡುಕಿದವನು. ಆ ದೇಶದಲ್ಲೂ ಓದಿದವರಿಗೆ ಕೆಲಸದ ಬರ ಜೋರಾಗಿಯೇ ಇದೆ. ಕೊನೆಗೆ ಊರಿಗೆ ಬಂದು ಗೈಡಾದ. 1996ರಲ್ಲಿ ಅಲ್ಲೊಂದು ಕಾನೂನು ಬಂತು; ಹಳ್ಳಿಯವರು ಸೇರಿ ತಮ್ಮ ಸುತ್ತಿನ ಕಾಡುಪ್ರಾಣಿ, ಪ್ರವಾಸೋದ್ಯಮವನ್ನು ತಾವೇ ನೋಡಿಕೊಂಡು ಅದರ ಆದಾಯ ಪಡೆಯಬಹುದು. ಈ ಕ್ಯಾಂಪ್‌ಸೈಟ್ ಕೂಡ ಅಂಥ ಸಮುದಾಯದ್ದು. ‘ನನ್ನ ಕೆಲಸ ಏನು ಗೊತ್ತಾ? ಇಲ್ಲಿ ಯಾರೂ ಏನೂ ಮುಟ್ಟದ ಹಾಗೆ ನೋಡಿಕೊಳ್ಳುವುದು. ಅದಕ್ಕೇ ಸಂಬಳ’ ಎಂದು ನಕ್ಕ. ರಾತ್ರಿಯ ಬೆಂಕಿಯ ಕಥೆ ಅವನಿಗೆ ಆಗಲೇ ತಲುಪಿತ್ತು. ‘ನಿನ್ನ ಅಪ್ಪ ಇಲ್ಲಿಗೆ ಬಂದರೆ ಏನು ಮಾಡುತ್ತಾರೆ?’ ಎಂದು ಕೇಳಿದ.

‘ಮೊದಲು ಎಷ್ಟು ಲೋಡ್ ಆಗುತ್ತೆ ಅಂತ ಲೆಕ್ಕ ಹಾಕುತ್ತಾರೆ’ ಅಂದೆ. ಇಬ್ಬರೂ ನಕ್ಕೆವು. ಆದರೆ ಅವನು ಮುಂದೆ ನಡೆದಾಗ ನನಗೆ ಮಾತು ಬರಲಿಲ್ಲ. ನಮ್ಮೂರಿನ ಹಿಂದೆ ಇದ್ದ ಎರಡು ಗುಡ್ಡಗಳಲ್ಲಿ ಒಂದು ಈಗ ನೀರು ತುಂಬಿದ ಹೊಂಡ. ಆ ಗುಡ್ಡ ತಿಂದೇ ನಾನು ಓದಿದ್ದು. ರಾಮದೇವರ ಬೆಟ್ಟಕ್ಕೆ ರಣಹದ್ದುಗಳು ಇದ್ದದ್ದರಿಂದ 2012ರಲ್ಲಿ ಧಾಮ ಅಂತಾಯಿತು. ಹದ್ದು ಕೂರದ ಗುಡ್ಡಗಳಿಗೆ ಯಾರಿದ್ದರು? ಕ್ವಾರಿ ಮುಚ್ಚಿ ಅಂತ ಫೇಸ್‌ಬುಕ್‌ನಲ್ಲಿ ಬರೆಯುವ ಗೆಳೆಯರಿಗೆ ನಾನು ಲೈಕ್ ಒತ್ತುತ್ತೇನೆ; ಕ್ವಾರಿ ಮುಚ್ಚಿದ ತಿಂಗಳು ಮನೆಯಲ್ಲಿ ಅಂಗಡಿ ಸಾಲ ಎಷ್ಟಾಗಿತ್ತು ಅನ್ನುವುದೂ ನನಗೇ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡಬೇಕೆಂದು ಆ ಬಂಡೆಗಳ ನಡುವೆ ನನಗೆ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ.

ಹೊರಡುವ ಮುಂಚೆ ಎಲ್ಲರೂ ಕಲ್ಲಿನ ಕಮಾನಿನ ಹತ್ತಿರ ಹೋದೆವು. ಗಾಳಿ, ನೀರು ಕೊರೆದು ಬಿಟ್ಟ ಕಮಾನು, ಕೆಳಗೆ ನಿಂತರೆ ಅದರೊಳಗಿನಿಂದ ಶಿಖರ ಕಾಣುತ್ತದೆ. ಶಿಖರ ಸಮುದ್ರಮಟ್ಟದಿಂದ 1728 ಮೀಟರ್ ಎತ್ತರ. ಹಾದಿಯಲ್ಲಿ ಹಳ್ಳಿಯವರು ಮೇಜು ಹಾಕಿಕೊಂಡು ಸ್ಫಟಿಕ, ಬಣ್ಣದ ಹರಳು ಮಾರುತ್ತಿದ್ದರು. ಸುತ್ತಿಗೆ, ಉಳಿ ಹಿಡಿದು ತಾವೇ ಗುಡ್ಡದಲ್ಲಿ ಅಗೆದು ತಂದವು. ಒಬ್ಬ ಮುದುಕನ ಕೈ ನೋಡಿದೆ. ಅಂಗೈಯ ಗಂಟುಗಳು ಅಪ್ಪನವೇ. ಚೌಕಾಸಿ ಮಾಡದೆ ಒಂದು ಹೊಗೆಬಣ್ಣದ ಹರಳು ಕೊಂಡೆ.

ವಿಂಡ್‌ಹುಕ್ ಸೇರಿ ನೆಟ್‌ವರ್ಕ್ ಸಿಕ್ಕಿದ್ದು ನಾಲ್ಕು ದಿನದ ಮೇಲೆ. ವಿಡಿಯೊ ಕಾಲ್ ಮಾಡಿದೆ. ಅಮ್ಮ ಊಟ ಏನು ಅಂತ ಕೇಳಿದರು, ಮುದ್ದೆ ಅಂದರೆ ನಂಬಲಿಲ್ಲ. ಅಪ್ಪ ಫೋನು ತೆಗೆದುಕೊಂಡರು. ಮೊದಲೇ ಕಳಿಸಿದ್ದ ಫೋಟೊಗಳನ್ನು ನೋಡಿದ್ದರು.

‘ಇದ್ಯಾವ್ದ್ಲಾ ನಮ್ಮ ಬೆಟ್ಟದಂಗೇ ಐತೆ?’

‘ಆಫ್ರಿಕಾ ಕಣಪ್ಪ.’

‘ಇಷ್ಟ್ ಚೆನ್ನಾಗಿರೋ ಕಲ್ಲ ಯಾರೂ ಒಡ್ದಿಲ್ವಾ?’

‘ಇಲ್ಲ. ನೋಡಕ್ಕೆ ಬರೋರು ದುಡ್ಡು ಕೊಡ್ತಾರೆ.’

‘ಬರೀ ನೋಡಕ್ಕಾ?’

‘ಹ್ಞೂಂ. ಮಲಗಕ್ಕೂ.’

ಅಪ್ಪ ನಕ್ಕರು, ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಲ್ಲುವವರೆಗೆ ಕಾದೆ. ಆಮೇಲೆ ಹೇಳಿದೆ. ‘ಅಪ್ಪ, ಕಂಪನಿಯೋರು ಕರ್ಕೊಂಡು ಬಂದಿದ್ದಲ್ಲ. ನಾನೇ ದುಡ್ಡು ಕಟ್ಟಿ ಬಂದೆ. ಅಲ್ಲಿ ಕೆಲಸ ಮುಗೀತು. ಇಪ್ಪತ್ತೊಂಬತ್ತಕ್ಕೆ ಊರಿಗೆ ಬರ್ತೀನಿ, ಆಮೇಲಕ್ಕೆ ಇನ್ನೂ ಏನೂ ಗೊತ್ತಾಗಿಲ್ಲ.’

ಪರದೆಯ ಮೇಲೆ ಅವರ ಮುಖ ಅಲ್ಲಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

‘ಇಪ್ಪತ್ತೊಂಬತ್ತು ಅಂದ್ರೆ ಶನಿವಾರ. ಬಾ, ಬಸ್‌ಸ್ಟ್ಯಾಂಡ್ ತಾವ ಬರ್ತೀನಿ’ ಅಂದರು. ಸ್ವಲ್ಪ ಸುಮ್ಮನಿದ್ದು, ‘ಆ ಕಮಾನು ಐತಲ್ಲ, ಅದರ ಎಡಗಡೆ ಗುಂಡು ನೋಡ್ದಾ? ಎಳೆ ನೆಟ್ಟಗೈತೆ. ಏಳು ಬೆಣೆ ಸಾಕು, ಎಂಟು ಬ್ಯಾಡ.’

‘ಅದನ್ನ ಒಡೆಯಂಗಿಲ್ಲ ಕಣಪ್ಪ.’

‘ಗೊತ್ತು ಬುಡ್ಲಾ. ಸುಮ್ಕೆ ಹೇಳ್ದೆ.’